ಆರು ಗಂಟೆ ಮೇಲೆ ಫೋರ್ಟ್ ನಮ್ಮದು

ಸಂಜೆ ಆರಾದರೆ ಬೊಂಬಾಯಿಯ ಆಫೀಸುಗಳ ಬಡಾವಣೆ ಫೋರ್ಟ್ ಖಾಲಿಯಾಗಲು ಶುರು. ಬ್ಯಾಂಕು, ಇನ್ಶೂರೆನ್ಸ್, ಹಡಗು ಕಂಪನಿಗಳ ಗುಮಾಸ್ತರೆಲ್ಲ ಅರ್ಧ ಜನ ವಿ.ಟಿ. ರೈಲು ಸ್ಟೇಷನ್ ಕಡೆಗೆ, ಅರ್ಧ ಜನ ಚರ್ಚ್‌ಗೇಟ್ ಸ್ಟೇಷನ್ ಕಡೆಗೆ, ಒಬ್ಬರ ಮುಖ ಒಬ್ಬರು ನೋಡದೆ ಓಡುತ್ತಿದ್ದರು. ಒಂದು ಗಂಟೆಯಲ್ಲಿ ಬೀದಿ ಬರಿದು. ಆಮೇಲೆ ಅಲ್ಲಿ ಉಳಿಯುತ್ತಿದ್ದವರು ಕ್ಯಾಂಟೀನ್ ಹುಡುಗರು, ಹೋಟೆಲ್ ಮಾಣಿಗಳು, ಲಿಫ್ಟ್‌ಮನ್‌ಗಳು, ವಾಚ್‌ಮನ್‌ಗಳು. ಬೆಳಗಿನ ತನಕ ಆ ಬೀದಿಗಳು ನಮ್ಮವು.

ಈಗ ಯಾರೇ ಹಳೇ ಬೊಂಬಾಯಿಯ ರಾತ್ರಿ ಬಗ್ಗೆ ಬರೆಯಲಿ, ಕ್ಯಾಬರೆ, ಮಟ್ಕಾ ಜೂಜು, ಸ್ಮಗ್ಲರ್‌ಗಳು, ಇಷ್ಟೇ. ಅದೆಲ್ಲ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಬೀದಿಯಲ್ಲಿ ದಿನಾ ರಾತ್ರಿ ನೂರಾರು ಹುಡುಗರು ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದರು. ಅವರ ಸುದ್ದಿ ಯಾರೂ ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೊಂಬಾಯಿಗೆ ಬಂದದ್ದು 1968ರಲ್ಲಿ, ಹದಿಮೂರು ವರ್ಷ ಆಗ. ಕುಂದಾಪುರದ ಹತ್ತಿರ ನಮ್ಮೂರು. ಗೇಣಿ ಗದ್ದೆ. ಧಣಿಗಳಿಗೆ ಅಳೆದು ಕೊಟ್ಟು ಉಳಿದ ಅಕ್ಕಿ ಮಳೆಗಾಲ ದಾಟುತ್ತಿರಲಿಲ್ಲ. ಭೂಸುಧಾರಣೆ ಕಾನೂನು ಬಂದು ಉಳುವವನೇ ಒಡೆಯ ಅಂತ ಆಗಿದ್ದು 1974ರಲ್ಲಿ. ಅಷ್ಟರೊಳಗೆ ನಮ್ಮ ಕಡೆಯ ಮನೆಮನೆಯಿಂದ ಒಬ್ಬಿಬ್ಬರು ಹುಡುಗರು ಬೊಂಬಾಯಿ ಬಸ್ಸು ಹತ್ತಿ ಆಗಿತ್ತು. ಕೊಂಕಣ ರೈಲು ಆಗೆಲ್ಲಿ, ಅದು ಪೂರ್ತಿ ಓಡಿದ್ದು 1998ರಲ್ಲಿ. ಘಟ್ಟ ಹತ್ತಿ ಬೆಳಗಾವಿ, ಕೊಲ್ಲಾಪುರ ಅಂತ ಹೋಗಬೇಕು. ದಾರಿಯುದ್ದಕ್ಕೂ ವಾಂತಿ ಮಾಡಿದ್ದು ಬಿಟ್ಟರೆ ಆ ಪ್ರಯಾಣದ್ದು ಏನೂ ನೆನಪಿಲ್ಲ.

ಮೊದಲು ಸೇರಿದ ಹೋಟೆಲಿನಲ್ಲಿ ಶಾಲೆ ಅನ್ನುವ ಮಾತೇ ಎತ್ತುವ ಹಾಗಿರಲಿಲ್ಲ. ಒಂದು ವರ್ಷ ಲೋಟ ತೊಳೆದೆ. ಆಮೇಲೆ ಊರಿನ ಅಣ್ಣ ಒಬ್ಬರು ಫೋರ್ಟಿನ ಒಂದು ಆಫೀಸಿನ ಕ್ಯಾಂಟೀನಿಗೆ ಸೇರಿಸಿದರು. "ಇಲ್ಲಿ ಆರಕ್ಕೆ ಬಿಡುಗಡೆ ಮಾರಾಯ, ನೈಟ್ ಸ್ಕೂಲಿಗೆ ಹೋಗ್ಲಿಕ್ಕೆ ಆತ್ತು" ಅಂದರು. ಆ ಒಂದು ಮಾತು ನನ್ನ ಬದುಕನ್ನೇ ಬದಲಿಸಿತು.

ಕೆಲಸ ಬೆಳಗ್ಗೆ ಐದಕ್ಕೆ. ನಾನು ಬಾಹರ್‌ವಾಲಾ. ಅಂದರೆ ತಂತಿಯ ಸ್ಟ್ಯಾಂಡಿನಲ್ಲಿ ಆರು ಗ್ಲಾಸು ಚಾ ಸಿಕ್ಕಿಸಿಕೊಂಡು ಮೇಜಿನಿಂದ ಮೇಜಿಗೆ ಕೊಡುವವನು. ಎಡಗೈ ಬೆರಳಿಗೆ ಆ ತಂತಿ ಒತ್ತಿ ಒತ್ತಿ ಆದ ಗಂಟು ಈಗಲೂ ಇದೆ. ಸಂಬಳ ತಿಂಗಳಿಗೆ ಮೂವತ್ತು ರೂಪಾಯಿ, ಊಟ, ಮಲಗಲು ಜಾಗ. ಇಪ್ಪತ್ತು ರೂಪಾಯಿ ಅಮ್ಮನಿಗೆ ಮನಿ ಆರ್ಡರ್. ಹಣ ಮುಟ್ಟಿದ ಚೀಟಿ ವಾಪಸ್ ಬರುತ್ತದಲ್ವಾ, ಅದರ ಮೇಲೆ ಅಮ್ಮನ ಹೆಬ್ಬೆಟ್ಟು. ಒಮ್ಮೊಮ್ಮೆ ಶಾಯಿ ಜಾಸ್ತಿಯಾಗಿ ಗೆರೆಗಳೇ ಕಾಣುತ್ತಿರಲಿಲ್ಲ. ಒಮ್ಮೊಮ್ಮೆ ಎಷ್ಟು ಸ್ಪಷ್ಟ ಅಂದರೆ ಕತ್ತಿ ತಾಗಿ ಆದ ಅಡ್ಡ ಗಾಯದ ಗೆರೆಯೂ ಕಾಣುತ್ತಿತ್ತು. ಅವನ್ನೆಲ್ಲ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದೆ.

ಶಾಲೆ ಆರೂವರೆಗೆ. ಬೊಂಬಾಯಿಯಲ್ಲಿ ನಮ್ಮವರ ರಾತ್ರಿ ಶಾಲೆಗಳ ಕಥೆ ದೊಡ್ಡದು. ನಮ್ಮ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರರು 1908ರಲ್ಲೇ ಉಚಿತ ರಾತ್ರಿ ಶಾಲೆ ತೆರೆದಿದ್ದರು. ಹಡಗುಕಟ್ಟೆಯಲ್ಲಿ, ಹೋಟೆಲಿನಲ್ಲಿ ದುಡಿಯುವವರು ತಮ್ಮ ಮಕ್ಕಳಿಗೆ, ತಮ್ಮಂದಿರಿಗೆ ಅಂತ ಕಟ್ಟಿದ ಶಾಲೆ! ಆಮೇಲೆ ಬೇರೆ ಬೇರೆ ಸಂಘಗಳೂ ತೆರೆದವು. ನಾನು ಹೋದ ಶಾಲೆ ನಡೆಯುತ್ತಿದ್ದದ್ದು ಹಗಲು ಚಿಕ್ಕ ಮಕ್ಕಳ ಶಾಲೆಯಾಗಿದ್ದ ಕಟ್ಟಡದಲ್ಲಿ. ಬೆಂಚು ಎಷ್ಟು ತಗ್ಗು ಅಂದರೆ ಮೊಣಕಾಲು ಎದೆಗೆ ತಾಗುತ್ತಿತ್ತು. ನನ್ನ ಪಕ್ಕ ಕೂರುತ್ತಿದ್ದವರಿಗೆ ಮೀಸೆ ಬಂದು, ಮದುವೆಯಾಗಿ, ಊರಲ್ಲಿ ಮಗು ಇತ್ತು. ಎಂಟನೇ ಕ್ಲಾಸು. ಎಲ್ಲರ ಮೈಯಿಂದಲೂ ಈರುಳ್ಳಿ, ಚಾ ಪುಡಿ, ಸೀಮೆಎಣ್ಣೆ ವಾಸನೆ. ಮೇಷ್ಟ್ರುಗಳೂ ಹಗಲು ಆಫೀಸಿನಲ್ಲಿ ದುಡಿದು ಬಂದವರೇ. ಇಂಗ್ಲಿಷ್ ವ್ಯಾಕರಣವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಯಾರಾದರೂ ತೂಕಡಿಸಿದರೆ ಬೈಯುತ್ತಿರಲಿಲ್ಲ, ಹತ್ತಿರ ಬಂದು ಸುಮ್ನೆ ಹೆಗಲ ಮೇಲೆ ಕೈ ಇಡುತ್ತಿದ್ದರು. ಕಿಟಕಿಯಿಂದ ರಾಜಾಬಾಯಿ ಟವರಿನ ಗಡಿಯಾರದ ಸದ್ದು ಕಾಲು ಗಂಟೆಗೊಮ್ಮೆ. ನಿದ್ದೆ ತಡೆಯಲು ನಾನು ಅದನ್ನೇ ಎಣಿಸುತ್ತಿದ್ದೆ.

ಒಂಬತ್ತೂವರೆಗೆ ಬಿಟ್ಟರೆ ಆಮೇಲೆ ನಮ್ಮ ತಿರುಗಾಟ. ಇರಾನಿ ಹೋಟೆಲಿನಲ್ಲಿ ಒಂದು ಬನ್ ಮಸ್ಕಾ, ಇಬ್ಬರಿಗೆ ಒಂದು ಚಾ. ಚರ್ಚ್‌ಗೇಟ್ ಬೀದಿಯ ದೊಡ್ಡ ರೆಸ್ಟೋರೆಂಟುಗಳಲ್ಲಿ ಬ್ಯಾಂಡ್ ಬಾರಿಸುತ್ತಿದ್ದರು. ಒಳಗೆ ಹೋಗುವ ಮಾತೇ ಇಲ್ಲ. ಆದರೆ ದರ್ವಾನ ಬಾಗಿಲು ತೆರೆದಾಗಲೆಲ್ಲ ತಣ್ಣನೆ ಗಾಳಿಯ ಜೊತೆ ಸ್ಯಾಕ್ಸೊಫೋನಿನ ಒಂದು ತುಂಡು ಹೊರಗೆ ಬರುತ್ತಿತ್ತು, ಬಾಗಿಲು ಮುಚ್ಚಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ನನಗೆ ಇವತ್ತಿಗೂ ಆ ವಾದ್ಯ ಅಂದರೆ ಪ್ರಾಣ. ಸಿನಿಮಾ ಇಂಗ್ಲಿಷಿನದು, ಈರೋಸ್, ರೀಗಲ್, ಮೆಟ್ರೋ. ತಿಂಗಳಿಗೊಂದು ನೋಡಿದರೆ ಹೆಚ್ಚು.

ಮಟ್ಕಾ ಹೇಳಲೇಬೇಕು. ರಾತ್ರಿ ಒಂಬತ್ತರ ಸುಮಾರಿಗೆ 'ಓಪನ್', ನಡುರಾತ್ರಿ 'ಕ್ಲೋಸ್'. ಇಸ್ಪೀಟಿನ ಮೂರು ಎಲೆ ಎಳೆದು, ಕೂಡಿಸಿ, ಕೊನೆಯ ಅಂಕೆ ಯಾವುದೋ ಅದೇ ನಂಬರ್. ಅದು ಊರೆಲ್ಲ ಎಷ್ಟು ಬೇಗ ಹರಡುತ್ತಿತ್ತು ಅಂದರೆ ನಾವು ಶಾಲೆಯಿಂದ ಹೊರಗೆ ಬರುವಷ್ಟರಲ್ಲಿ ಪಾನ್ ಅಂಗಡಿಯವನಿಗೆ ಗೊತ್ತಿರುತ್ತಿತ್ತು. ನಮ್ಮ ಕ್ಯಾಂಟೀನಿನ ಒಬ್ಬ ಒಳ್ಳೆಯ ಹುಡುಗ, ಗಣಿತದಲ್ಲಿ ನನಗಿಂತ ಚುರುಕು, ಅದರಲ್ಲಿ ಹೋದ. ಸಂಬಳ, ಆಮೇಲೆ ಸಾಲ, ಆಮೇಲೆ ಒಂದು ದಿನ ಟ್ರಂಕು ಸಮೇತ ಕಾಣೆ. ಅವನ ಜಾಮಿಟ್ರಿ ಬಾಕ್ಸ್ ನನ್ನ ಹತ್ತಿರವೇ ಉಳಿಯಿತು.

ಎಲ್ಲಕ್ಕಿಂತ ನೆನಪಿರುವುದು 1971ರ ಡಿಸೆಂಬರ್. 3ನೇ ತಾರೀಖು ಸಂಜೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಬೊಂಬಾಯಿಗೆ ಬ್ಲ್ಯಾಕ್‌ಔಟ್. ಕಾರುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ, ಕಿಟಕಿಗಳಿಗೆ ಕಪ್ಪು ಕಾಗದ. ಎಲ್ಲೋ ಸಣ್ಣ ಬೆಳಕು ಕಂಡರೂ ಕೆಳಗಿನಿಂದ "ಬತ್ತಿ ಬಂದ್ ಕರೋ" ಅಂತ ಕೂಗು. ಪರೀಕ್ಷೆಗೆ ಹೆಚ್ಚು ದಿನ ಇರಲಿಲ್ಲ. ಶಾಲೆ ಮುಚ್ಚುತ್ತಾರೆ ಅಂದುಕೊಂಡರೆ ನಮ್ಮ ಮೇಷ್ಟ್ರು ಒಪ್ಪಲಿಲ್ಲ. ಕ್ಯಾಂಟೀನಿನಿಂದ ಮೈದಾ ತಂದು ಅಂಟು ಕಾಯಿಸಿ ನಾವೇ ಕಾಗದ ಹಚ್ಚಿದೆವು. ಸೈರನ್ ಕೂಗಿದ ರಾತ್ರಿ ಇದ್ದ ಒಂದು ಬಲ್ಬೂ ಆರಿಸಿದರು. ಕತ್ತಲಲ್ಲಿ ಮೇಷ್ಟ್ರ ದನಿ ಮಾತ್ರ. ಬೀಜಗಣಿತದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದರು, ನಾವು ಒಬ್ಬೊಬ್ಬರಾಗಿ ಒಂದೊಂದು ಹಂತ ಬಿಡಿಸಬೇಕು. ಯಾರು ಹೇಳಿದರು ಅಂತ ಮುಖ ಕಾಣುವುದಿಲ್ಲ, ಹಾಗಾಗಿ ಯಾವತ್ತೂ ಬಾಯಿ ಬಿಡದವರೂ ಅವತ್ತು ಉತ್ತರ ಹೇಳಿದರು. ಆ ಮದುವೆಯಾದ ಅಣ್ಣನೂ ಹೇಳಿದರು.

ಬಿಟ್ಟ ಮೇಲೆ ಮರೀನ್ ಡ್ರೈವ್ ತನಕ ಗೋಡೆ ಸವರಿಕೊಂಡು ನಡೆದೆವು. ಒಂದು ದೀಪ ಇಲ್ಲ. ಅಷ್ಟು ದಿನ ದೀಪಗಳನ್ನೇ ನೋಡುತ್ತಿದ್ದವರಿಗೆ ಅವತ್ತು ಕಡಲಿನ ಸದ್ದು ಕೇಳಿತು, ಕಲ್ಲಿಗೆ ನೀರು ಮೆಲ್ಲಗೆ ಬಡಿಯುವ ಸದ್ದು. ಕುಂದಾಪುರದಲ್ಲಿ ಕೇಳುತ್ತಿದ್ದದ್ದೂ ಇದೇ ಕಡಲು. ಯಾರೂ ಮಾತಾಡಲಿಲ್ಲ. ಒಬ್ಬ ಅಳುತ್ತಿದ್ದ, ಯಾರು ಅಂತ ಕತ್ತಲಲ್ಲಿ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

17ಕ್ಕೆ ಯುದ್ಧ ನಿಂತಿತು, ದೀಪ ಬಂತು. ಕಿಟಕಿಯ ಕಾಗದ ತೆಗೆಯುವ ಕೆಲಸವೂ ನಮ್ಮದೇ. ಮೈದಾ ಅಂಟು ಒಣಗಿ ಕಲ್ಲಾಗಿತ್ತು. ಕ್ಯಾಂಟೀನಿನ ದೋಸೆ ಸಟ್ಟುಗ ತಂದು ಎರಡು ರಾತ್ರಿ ಕೆರೆದೆವು. ಆದರೂ ಮೂಲೆಗಳಲ್ಲಿ ಕಪ್ಪು ಚೂರುಗಳು ಹಾಗೇ ಉಳಿದವು. ನಾನು ಮೆಟ್ರಿಕ್ ಪಾಸಾಗಿ ಆ ಶಾಲೆ ಬಿಡುವಾಗಲೂ ಇದ್ದವು.