ಅಮ್ಮನ ಸರ, ಮೇಲಿನ ಮನೆ ಹುಡುಗನ ಬೆರಳು

ಸಂಕ್ರಾಂತಿ ಮುಗಿದು ನಾಲ್ಕನೇ ದಿನ. ಬೆಳಿಗ್ಗೆ ಆರೂಕಾಲು ಇರಬೇಕು. ಬಳ್ಳಾರಿಯಲ್ಲಿ ಚಳಿ ಅಂತ ಇರುವುದೇ ಅಷ್ಟು ದಿನ, ನಾನಿನ್ನೂ ಹೊದ್ದು ಮಲಗಿದ್ದೆ. ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ಹೊರಗೆ ಬೈಕ್ ನಿಂತ ಸದ್ದು ಕೇಳಿಸಿತು. "ಅಮ್ಮಾ, ದುರ್ಗಮ್ಮನ ಗುಡಿ ಕಡೆ ಹೆಂಗ್ ಹೋಗ್ಬೇಕ್ರೀ?" ಅಂತ ಯಾರೋ ಕೇಳಿದರು. ಆಮೇಲೆ ಅಮ್ಮನ ದನಿ. ಅದು ಕೂಗೂ ಅಲ್ಲ, ಉಸಿರು ಗಂಟಲಲ್ಲೇ ಸಿಕ್ಕಿಕೊಂಡ ಹಾಗೆ.

ನಾನು ಓಡಿ ಬರುವಷ್ಟರಲ್ಲಿ ಅಮ್ಮ ರಂಗೋಲಿ ಮೇಲೇ ಕುಸಿದು ಕೂತಿದ್ದಳು. ಕುತ್ತಿಗೆ ಸುತ್ತ ಹಗ್ಗ ಎಳೆದಂತೆ ಕೆಂಪು ಗೆರೆ. ಎರಡೂವರೆ ತೊಲೆ ಮಾಂಗಲ್ಯ ಸರ ಹೋಗಿತ್ತು. ಅಪ್ಪನ ಮೊದಲ ಸಂಬಳದ ಉಳಿತಾಯದಲ್ಲಿ ಮಾಡಿಸಿದ್ದು. ಅಮ್ಮ ಅಳಲಿಲ್ಲ. ನಾನು ಎಬ್ಬಿಸೋಕೆ ಹೋದರೆ "ಇರು ಇರು" ಅಂತ ರಂಗೋಲಿ ಪುಡಿಯಲ್ಲಿ ಬೆರಳಾಡಿಸುತ್ತಿದ್ದಳು. ಒಂದೇ ಒಂದು ಚಿನ್ನದ ಗುಂಡು ಸಿಕ್ಕಿತು. ಅದನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಸ್ನಾನ ಮಾಡಿ, ದಾರಕ್ಕೆ ಅರಿಶಿನ ಹಚ್ಚಿ, ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡಳು. ಅಪ್ಪ ದೇವರ ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಕೈ ನಡುಗುತ್ತಿತ್ತು.

ಪೊಲೀಸರ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳಬೇಕು. 112ಕ್ಕೆ ಫೋನ್ ಮಾಡಿದ ಕಾಲು ಗಂಟೆಗೆ ಗಾಡಿ ಬಂತು. ಬಂದವರು ಮೊದಲು "ಅಮ್ಮನಿಗೆ ನೀರು ಕುಡಿಸ್ರೀ" ಅಂದರು. ದೂರು ಬರೆದುಕೊಂಡರು. ಎಫ್‌ಐಆರ್ ಪ್ರತಿ ದುಡ್ಡಿಲ್ಲದೆ ನಮ್ಮ ಕೈಗೆ ಬಂತು. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಅಂತ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಕಾನೂನು ಇದು. ಮೈಮೇಲಿನ ವಸ್ತು ಕಿತ್ತುಕೊಂಡು ಓಡುವುದಕ್ಕೇ ಅಂತ ಹಳೆ ದಂಡ ಸಂಹಿತೆಯಲ್ಲಿ ಬೇರೆ ಕಲಂ ಇರಲಿಲ್ಲ, ಈಗ ಇದೆ. ಶಿಕ್ಷೆ 3 ವರ್ಷದವರೆಗೆ. "ಮೂರೇ ವರ್ಷಾನಾ?" ಅಂದರು ಅಪ್ಪ. ಅವತ್ತು ನನಗೂ ಅದು ಕಡಿಮೆ ಅನ್ನಿಸಿತು.

ಮೂರನೇ ದಿನ ಅಮ್ಮನನ್ನ ಠಾಣೆಗೆ ಕರೆಸಿದರು. ಹೆಂಗಸರನ್ನ ಸಾಕ್ಷಿ ಹೇಳಿ ಅಂತ ಠಾಣೆಗೆ ಕರೆಸುವಂತಿಲ್ಲ, ಅವರೇ ಮನೆಗೆ ಬಂದು ವಿಚಾರಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹೇಳುತ್ತದೆ. ಇದು ನನಗೆ ಆಮೇಲೆ ಗೊತ್ತಾಯಿತು. ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು, ಆದರೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುತ್ತಿದ್ದೆವೇನೋ. ಸರ ಬೇಕಿತ್ತು ನಮಗೆ.

ಅಲ್ಲಿ ಕಂಪ್ಯೂಟರಲ್ಲಿ ಒಂದೊಂದೇ ಫೋಟೋ ತೋರಿಸಿದರು. ಹಳೆ ಕೇಸಿನವರಂತೆ. ಹೆಚ್ಚಿನವರು ನನ್ನ ಸ್ಟೂಡೆಂಟ್‌ಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೇ. ಒಂದು ಫೋಟೋ ಬಂದಾಗ ಕಾನ್‌ಸ್ಟೇಬಲ್ ಕೈ ನಿಲ್ಲಿಸಿದರು. "ಇವನ ಥರಾನೇ ಇದ್ನಾ ನೋಡ್ರೀ ಅಮ್ಮಾ. ಹೌದು ಅಂತ ಅನ್ನಿಸಿದ್ರೆ ಹೇಳ್ರೀ ಸಾಕು, ಉಳಿದಿದ್ದು ನಾವು ವಿಚಾರಿಸ್ತೀವಿ." ಅಮ್ಮ ಕನ್ನಡಕ ಸರಿ ಮಾಡಿಕೊಂಡು ತುಂಬ ಹೊತ್ತು ನೋಡಿದಳು. "ನಾನು ಮುಖ ನೋಡಿಲ್ಲಪ್ಪಾ. ಕೈ ನೋಡೀನಿ. ಮುಂಗೈಗೆ ಕೆಂಪು ದಾರ ಇತ್ತು." ಮತ್ತೆ ಕೇಳಿದರು. ಅಮ್ಮನದು ಅದೇ ಮಾತು. ಹೊರಗೆ ಬಂದ ಮೇಲೆ ಅಪ್ಪ ಸಿಟ್ಟಾದರು. "ಸುಮ್ನೆ ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಮ್ಮ ಆಟೋ ಹತ್ತುತ್ತಾ ಹೇಳಿದಳು, "ಅವನಲ್ಲ ಅಂದ್ರೆ? ಅವನಿಗೂ ತಾಯಿ ಇರ್ತಾಳಲ್ರೀ."

ಅದೇ ವಾರ ಪಕ್ಕದ ರಸ್ತೆಯಲ್ಲಿ ಇನ್ನೊಂದು ಸರ ಹೋಯಿತು. ಅಲ್ಲಿಂದ ಬಿಗಿ ಶುರುವಾಯಿತು. ಸರ್ಕಲ್‌ನಲ್ಲಿ ಬ್ಯಾರಿಕೇಡ್, ನಾಕಾಬಂದಿ. ಹತ್ತಕ್ಕೆಲ್ಲ ಅಂಗಡಿ ಬಂದ್, ಬಂಡಿ ಬಂದ್. ರಾತ್ರಿ ಎರಡು ಸಲ ಗಸ್ತಿನ ಬೈಕ್ ನಮ್ಮ ಮನೆ ಮುಂದೆಯೇ ಹಾದು ಹೋಗುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಸಮಾಧಾನ ಆಗುತ್ತಿತ್ತು. ಅಮ್ಮ ರಾತ್ರಿ ಬೆಚ್ಚಿ ಬೀಳುವುದು ಕಡಿಮೆಯಾಗಿದ್ದೂ ಆಗಲೇ.

ಈಗ ಮೇಲಿನ ಮನೆ ಹುಡುಗನ ವಿಷಯ ಹೇಳಬೇಕು. ಸಿರುಗುಪ್ಪ ಕಡೆಯ ಹಳ್ಳಿಯವನು. ನಮ್ಮ ಮಾಳಿಗೆ ಮೇಲಿನ ಒಂದು ರೂಮಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದಾನೆ. ಬಳ್ಳಾರಿ ಜೀನ್ಸ್ ಅಂದರೆ ಎಲ್ಲರಿಗೂ ಗೊತ್ತು. ಹೊಲಿಯುವವರು, ಕಾಜಾ ಹಾಕುವವರು, ಇಸ್ತ್ರಿ ಮಾಡುವವರು ಅಂತ ಊರು ತುಂಬ ಆ ಕೆಲಸದವರೇ. ಇವನು ಮುಂಡ್ರಿಗಿ ಕಡೆಯ ಒಂದು ವಾಷಿಂಗ್ ಯೂನಿಟ್‌ನಲ್ಲಿದ್ದಾನೆ. ಹೊಸ ಪ್ಯಾಂಟಿಗೆ ಹಳೆಯ ಕಳೆ ತರಿಸುವ ಕೆಲಸ. ಬ್ಲೀಚ್ ಹಾಕಬೇಕು, ಹಗುರ ಕಲ್ಲಿನ ಜೊತೆ ತಿರುಗಿಸಬೇಕು, ಒದ್ದೆ ರಾಶಿಯನ್ನ ಎತ್ತಿ ಹಾಕಬೇಕು. ಮಧ್ಯಾಹ್ನ ಎರಡಕ್ಕೆ ಹೋದರೆ ವಾಪಸ್ ಬರುವುದು ರಾತ್ರಿ ಒಂದಕ್ಕೆ. ಯಾರದಾದರೂ ಬೈಕ್ ಸಿಕ್ಕರೆ ಸರ್ಕಲ್ ತನಕ ಬರುತ್ತಾನೆ. ಅಲ್ಲಿಂದ ನಡಿಗೆ.

ಒಂದು ರಾತ್ರಿ ಅವನು ಬರಲಿಲ್ಲ. ಅಮ್ಮನಿಗೆ ಅವನ ಗೇಟಿನ ಚಿಲಕದ ಸದ್ದು ಕೇಳಿದರೇನೇ ಗಾಢ ನಿದ್ದೆ. ಎರಡಾಯಿತು, ಮೂರಾಯಿತು. ಫೋನ್ ಸ್ವಿಚ್ ಆಫ್. ನಾಲ್ಕೂವರೆಗೆ ಚಿಲಕ ಸದ್ದಾಯಿತು. ನಾನು ಬಾಗಿಲು ತೆಗೆದೆ. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಆದದ್ದು ಇಷ್ಟು. ಸರ್ಕಲ್‌ನಲ್ಲಿ ನಿಲ್ಲಿಸಿದ್ದಾರೆ. ಈಗ ಗಸ್ತಿನವರ ಹತ್ತಿರ ಮೊಬೈಲಿಗೆ ಜೋಡಿಸಿದ ಪುಟ್ಟ ಬೆರಳಚ್ಚು ಮಿಷನ್ ಇರುತ್ತದೆ. ಬೆರಳಿಟ್ಟರೆ ಹಳೆ ಕೇಸಿನವರ ದಾಖಲೆ ಜೊತೆ ಹೋಲಿಸಿ ಹೇಳುತ್ತದೆ. ಎಂ-ಸಿಸಿಟಿಎನ್‌ಎಸ್ ಅಂತ ಅದಕ್ಕೆ ಹೆಸರು. ಇವನ ಬೆರಳಿಟ್ಟರು. ತಗೊಳ್ಳಲಿಲ್ಲ. ಇನ್ನೊಂದು ಬೆರಳು. ಅದೂ ತಗೊಳ್ಳಲಿಲ್ಲ. ಹತ್ತೂ ಬೆರಳು ಇಡಿಸಿದರು. "ಏನ್ ಹಚ್ಕೊಂಡಿದ್ದೀಯಲೇ ಬೆರಳಿಗೆ?" ಅಂತ ಒಬ್ಬರು ಗದರಿದರಂತೆ. ಬೇಕಂತಲೇ ಏನೋ ಮಾಡಿಕೊಂಡಿದ್ದಾನೆ ಅಂತ ಅನುಮಾನ. ಠಾಣೆಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಫೋನ್ ತೆಗೆದಿಟ್ಟುಕೊಂಡರು. ಹೊಡೆಯಲಿಲ್ಲ, ಅದನ್ನ ಅವನೇ ಎರಡು ಸಲ ಹೇಳಿದ. ಬೆಳಗಿನ ಜಾವ ಯೂನಿಟ್‌ನ ಮೇಸ್ತ್ರಿ ಫೋನಲ್ಲಿ ಸಿಕ್ಕ ಮೇಲೆ ಬಿಟ್ಟರು. ಬಂಧನ ಅಂತಲೂ ಅಲ್ಲ, ಬಿಡುಗಡೆ ಅಂತಲೂ ಅಲ್ಲ. ಯಾವ ಪುಸ್ತಕದಲ್ಲೂ ಬರೆಯದ ಮೂರು ತಾಸು.

"ಅಕ್ಕಾ, ನೋಡ್ರೀ" ಅಂತ ಬಲ್ಬಿನ ಕೆಳಗೆ ಕೈ ಚಾಚಿದ. ಎರಡು ವರ್ಷದಿಂದ ಬಾಡಿಗೆ ಕೊಡುವಾಗ ಆ ಕೈ ನೋಡಿದ್ದೇನೆ, ಆದರೆ ನೋಡಿರಲಿಲ್ಲ. ಉಗುರಿನ ಸಂದಿಯಲ್ಲಿ ನೀಲಿ. ಅಂಗೈ ಮಾತ್ರ ಬಿಳುಚಿಕೊಂಡಿತ್ತು. ಬೆರಳ ತುದಿಗಳು ನುಣ್ಣಗೆ, ನೀರಲ್ಲಿ ತಿಂಗಳುಗಟ್ಟಲೆ ಬಿದ್ದ ಸೋಪಿನ ಚೂರಿನ ಹಾಗೆ. ಗೆರೆಗಳೇ ಇಲ್ಲ. "ರೇಷನ್ ಅಂಗಡ್ಯಾಗೂ ಹಿಂಗೇ ಅಕ್ಕಾ. ಅವ್ವನ ಹೆಬ್ಬೆಟ್ಟು ಹಿಡಿತೈತಿ, ನಂದು ಹಿಡಿಯಂಗಿಲ್ಲ."

ಅದರ ಮುಂದಿನ ಭಾನುವಾರ ಸಂಜೆ ಓಣಿಯ ಸಮುದಾಯ ಭವನದಲ್ಲಿ ಪೊಲೀಸರು ಸಭೆ ಕರೆದಿದ್ದರು. 2025ರ ಜುಲೈನಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಅಂತ ಶುರು ಮಾಡಿದ ಮೇಲೆ ಬೀಟಿನವರು ಮನೆ ಕಡೆ ಬಂದು ಪರಿಚಯ ಮಾಡಿಕೊಳ್ಳುವುದಿದೆ. ಇದು ಎಲ್ಲರನ್ನೂ ಒಟ್ಟಿಗೆ ಕೂರಿಸಿದ ಸಭೆ. ಸಬ್‌ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಕೇಳಿಸಿಕೊಂಡರು.

ಮೊದಲು ಎದ್ದವರು ಅಪ್ಪ. ರಾತ್ರಿ ಓಡಾಡುವವರನ್ನೆಲ್ಲ ಹಿಡಿದು ವಿಚಾರಿಸಿ, ನಮ್ಮದೇನೂ ತಕರಾರಿಲ್ಲ ಅಂದರು. ತುಂಬ ಜನ ತಲೆಯಾಡಿಸಿದರು. ಮೂಲೆ ಮನೆಯವರು ಇನ್ನೂ ಮುಂದೆ ಹೋದರು. ಓಣಿಗೆ ಗೇಟು ಹಾಕಿಸೋಣ, ಒಂಟಿ ಹುಡುಗರಿಗೆ ಮನೆ ಬಾಡಿಗೆ ಕೊಡಬಾರದು. ಹೇಳುತ್ತಾ ನನ್ನ ಕಡೆ ನೋಡಿದರು. ಅವರ ಮೇಲೆ ನನಗೆ ಸಿಟ್ಟು ಬಂತು, ಆದರೆ ಅವರ ಹೆದರಿಕೆ ಸುಳ್ಳಲ್ಲ. ಎರಡನೇ ಸರ ಹೋಗಿದ್ದು ಅವರ ತಂಗಿಯದು.

ಟ್ಯೂಷನ್‌ಗೆ ಹೋಗುವ ಪಿಯುಸಿ ಹುಡುಗಿ ಎದ್ದು ನಿಂತು ಹೇಳಿದ್ದನ್ನ ಹಾಗೇ ಬರೆಯುತ್ತೇನೆ. "ಸರ್, ಚೆಕಿಂಗ್ ಶುರುವಾದ ಮೇಲೆ ಅಂಡರ್‌ಬ್ರಿಡ್ಜ್ ಹತ್ರ ಬೈಕಲ್ಲಿ ಹಿಂದೆ ಬರೋರು ಇಲ್ಲ. ಮುಂಚೆ ನಾನು ಅಲ್ಲಿ ಓಡ್ತಿದ್ದೆ. ಈಗ ನಡ್ಕೊಂಡ್ ಬರ್ತೀನಿ. ನಿಲ್ಲಿಸಬೇಡಿ ಸರ್." ಅವಳ ದನಿ ನಡುಗುತ್ತಿತ್ತು. ನಿಲ್ಲಿಸಬೇಡಿ ಅಂದ ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪೊಲೀಸ್ ಬೇಡ ಅನ್ನುವವರು ಯಾರೇ ಇರಲಿ, ಆ ಹುಡುಗಿಗೆ ಉತ್ತರ ಹೇಳಬೇಕು.

ಎಗ್ ರೈಸ್ ಬಂಡಿಯವನು ಹಿಂದೆ ಗೋಡೆಗೆ ಒರಗಿ ನಿಂತಿದ್ದ. "ಸಾರ್, ಅಮ್ಮೋರ ಸರ ಹೋಗಿದ್ದು ಬೆಳಿಗ್ಗೆ ಆರಕ್ಕ. ನನ್ನ ಬಂಡಿ ಮುಚ್ಚಿಸೋದು ರಾತ್ರಿ ಹತ್ತಕ್ಕ. ನನ್ನ ಬಂಡಿ ಇದ್ರ ಅಲ್ಲಿ ಬೆಳಕಿರ್ತೈತಿ, ಹತ್ತು ಮಂದಿ ಇರ್ತಾರ. ಈಗ ಆ ಮೂಲಿ ಪೂರಾ ಕತ್ತಲ." ಯಾರೂ ಮಾತಾಡಲಿಲ್ಲ. ನಾನೂ ಅದನ್ನ ಯೋಚಿಸಿರಲಿಲ್ಲ. ಅವನ ಬಂಡಿಯ ಬಲ್ಬು ಅಷ್ಟು ದಿನ ನಮ್ಮ ಓಣಿಯ ಬಾಯಿ ಕಾದಿತ್ತು.

ಕ್ಯಾಮೆರಾ ವಿಷಯಕ್ಕೆ ಜಾಸ್ತಿ ಜಗಳ ಆಗಲಿಲ್ಲ. ಮನೆಗೆ ಇಷ್ಟು ಅಂತ ದುಡ್ಡು ಹಾಕಲು ಒಪ್ಪಿದೆವು, ನಾನೂ ಕೊಟ್ಟೆ. ಗುಡಿಯ ಕ್ಯಾಮೆರಾದಲ್ಲಿ ಆ ಬೈಕ್ ಬಂದಿತ್ತು, ನಂಬರ್ ಪ್ಲೇಟೇ ಇರಲಿಲ್ಲ. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಹುಡುಗ ಕೂತ ಬೆಂಚೂ ಅದರಲ್ಲಿ ಕಾಣಬೇಕು ಅಂತ ಅನ್ನಿಸಿತು.

ನನ್ನ ಸರದಿ ಬಂದಾಗ ಬೆರಳಿನ ಬಗ್ಗೆ ಕೇಳಿದೆ. 2022ರಲ್ಲಿ ಬಂದ ಗುರುತಿಸುವಿಕೆ ಕಾಯ್ದೆಯನ್ನ ಹಿಂದಿನ ರಾತ್ರಿ ಓದಿಕೊಂಡಿದ್ದೆ. ಬೆರಳಚ್ಚು ಯಾರದು ತೆಗೆಯಬಹುದು ಅಂದರೆ ಶಿಕ್ಷೆಯಾದವರು, ಬಂಧಿತರು, ಮುನ್ನೆಚ್ಚರಿಕೆಗೆ ವಶಕ್ಕೆ ತಗೊಂಡವರು ಅಂತ ಅದರಲ್ಲಿದೆ. ಹಾಗೆ ತೆಗೆದಿದ್ದನ್ನ 75 ವರ್ಷ ಇಟ್ಟುಕೊಳ್ಳಬಹುದು. ಕೆಲಸ ಮುಗಿಸಿ ಮನೆಗೆ ನಡೆದು ಬರುವವರು ಅಂತ ಎಲ್ಲೂ ಇಲ್ಲ. "ಹೋಲಿಸಿ ನೋಡ್ತೀವಿ ಅಷ್ಟೇ ಮೇಡಂ, ಇಟ್ಕೊಳ್ಳಲ್ಲ" ಅಂದರು ಅವರು. "ಮತ್ತೆ ಮಿಷನ್ ಹಿಡಿಯದಿದ್ದರೆ ಅವನನ್ನ ಇಟ್ಕೋತೀರಲ್ಲ ಸರ್?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಯೂನಿಟ್‌ನವರು ಗುರುತಿನ ಚೀಟಿ ಕೊಡಲಿ, ಬೀಟಿನವರಿಗೆ ನಾನೇ ಹೇಳುತ್ತೇನೆ ಅಂದರು. ಒಳ್ಳೆಯ ಮಾತೇ. ಆದರೆ ಯಾವ ಮಾಲೀಕ ಚೀಟಿ ಕೊಡುತ್ತಾನೆ? ಪಿಎಫ್ ಇಲ್ಲ, ಸಂಬಳದ ಚೀಟಿ ಇಲ್ಲ. ಎಷ್ಟೋ ಯೂನಿಟ್‌ಗಳಲ್ಲಿ ಹಾಜರಿ ಪುಸ್ತಕವೇ ಇರುವುದಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಅಪ್ಪ ಗುಮ್ಮೆಂದಿದ್ದರು. ಸಭೆಯಲ್ಲಿ ಮಗಳು ತಮ್ಮ ಮಾತಿಗೆ ಎದುರಾಡಿದಳು ಅಂತ. ನಾನು ತಡೆಯಲಾಗದೆ ಕೇಳಿದೆ. "ಅಪ್ಪಾ, ನೀವು 32 ವರ್ಷ ಬಸ್ ಓಡಿಸಿದ್ರಿ. ರಾತ್ರಿ ಎರಡಕ್ಕೆ ಡಿಪೋದಿಂದ ನಡ್ಕೊಂಡು ಬರ್ತಿದ್ರಿ. ಯಾರಾದ್ರೂ ನಿಲ್ಲಿಸಿದ್ರಾ?"

"ನಿಲ್ಲಿಸ್ತಿದ್ರು. ಖಾಕಿ ನೋಡಿ, ಡ್ರೈವರ್ ಸಾಹೇಬ್ರಾ ಹೋಗ್ರಿ ಹೋಗ್ರಿ ಅಂತಿದ್ರು."

ಅಷ್ಟು ಹೇಳಿ ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತರು. ನಾನೂ ಮುಂದೆ ಮಾತಾಡಲಿಲ್ಲ. ಖಾಕಿ ಇದ್ದದ್ದಕ್ಕೆ ನಮ್ಮಪ್ಪ ಡ್ರೈವರ್. ನೀಲಿ ಕಲೆಯ ಬನಿಯನ್ ಹಾಕಿದವನು ಅನುಮಾನದವನು. ಇಬ್ಬರೂ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ದುಡಿಮೆ ಮುಗಿಸಿ ಬಂದವರು. ರಾತ್ರಿ ರಸ್ತೆಯಲ್ಲಿ ಇರುವವರನ್ನೆಲ್ಲ ಹಿಡಿಯಿರಿ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಆ ಹೊತ್ತಿನಲ್ಲಿ ನಮಗೆ ರಸ್ತೆಯಲ್ಲಿ ಕೆಲಸ ಇರುವುದಿಲ್ಲ, ಅದಕ್ಕೆ. ನನಗೆ ಗಸ್ತು ಬೇಕು. ಆ ಪಿಯುಸಿ ಹುಡುಗಿ ನಡೆದೇ ಬರಬೇಕು. ಅಮ್ಮನ ಸರ ಕಿತ್ತವನು ಸಿಗಬೇಕು. ಹಾಗಂತ ನಮ್ಮ ನಿದ್ದೆಗೆ ಆ ಹುಡುಗ ಮೂರು ತಾಸು ಬೆಂಚಿನ ಮೇಲೆ ಕೂರಬೇಕು ಅಂದರೆ ನಾನು ಒಪ್ಪುವುದಿಲ್ಲ.

ಅಪ್ಪನ ಅಭಿಪ್ರಾಯ ಪೂರ್ತಿ ಬದಲಾಗಿದೆ ಅಂತ ಹೇಳಲಾರೆ. ಪೊಲೀಸರು ಇನ್ನೂ ಬಿಗಿ ಮಾಡಬೇಕು ಅಂತಲೇ ಇವತ್ತಿಗೂ ಅನ್ನುತ್ತಾರೆ. ಆದರೆ ಮಾರನೇ ದಿನ ಬಿಸಿಲಲ್ಲಿ ಆಟೋ ಮಾಡಿಕೊಂಡು ಆ ಯೂನಿಟ್‌ಗೆ ಹೋಗಿ, ಮಾಲೀಕನ ಎದುರು ಕೂತು, ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಂಡು ಸೀಲು ಹಾಕಿಸಿಕೊಂಡು ಬಂದರು. ಆ ಕಾಗದಕ್ಕೆ ಲ್ಯಾಮಿನೇಷನ್ ಕೂಡ ಮಾಡಿಸಿದ್ದಾರೆ. ಅವನ ಜೊತೆ ಕೆಲಸ ಮಾಡುವ ಉಳಿದವರಿಗೆ ಅಂಥ ಕಾಗದ ಇಲ್ಲ.

ಸರ ಸಿಕ್ಕಿಲ್ಲ. ಸಿಕ್ಕ ಆ ಒಂದು ಗುಂಡನ್ನ ಅಮ್ಮ ಅರಿಶಿನದ ದಾರಕ್ಕೇ ಪೋಣಿಸಿಕೊಂಡಿದ್ದಾಳೆ. ರಂಗೋಲಿ ಈಗ ಬೆಳಕು ಹರಿದ ಮೇಲೆ ಬಿಡುತ್ತಾಳೆ.

ನಾಕಾಬಂದಿ ಇನ್ನೂ ಇದೆ, ಮಿಷನ್ನೂ ಇದೆ. ಅಮ್ಮ ಹಳೆಯ ಕೆಮ್ಮಿನ ಔಷಧಿ ಬಾಟಲಿಯೊಂದನ್ನ ಬಿಸಿನೀರಲ್ಲಿ ತೊಳೆದು, ಕೊಬ್ಬರಿ ಎಣ್ಣೆ ತುಂಬಿ ಮೇಲಿನ ಮನೆ ಹುಡುಗನಿಗೆ ಕೊಟ್ಟಿದ್ದಾಳೆ. ಮಧ್ಯಾಹ್ನ ಅವನು ಮೆಟ್ಟಿಲಿಳಿಯುವಾಗ ದಿನಾ ನೆನಪಿಸುತ್ತಾಳೆ. "ಬಾಟ್ಲಿ ತಗೊಂಡ್ಯಾ? ಹೊರಡೋಕ್ಕಿಂತ ಮುಂಚೆ ಹತ್ತೂ ಬೆರಳಿಗೆ ತಿಕ್ಕಿ ತಿಕ್ಕಿ ಹಚ್ಕೋಪ್ಪಾ. ಮಿಷನ್ ಹಿಡೀಲಿ."