ಹಾನ್ಯಾದಲ್ಲಿ ಮೀನು ತಿನ್ನುವ ಮುನ್ನ ತಕ್ಕಡಿ ಕೇಳಿ

ಒಂದು ಮೀನಿಗೆ 74 ಯೂರೊ 75 ಸೆಂಟ್. ಕುಂದಾಪುರದ ಕಡೆಯವನಾದ ನನಗೆ ಮೀನಿನ ವಿಷಯದಲ್ಲಿ ಯಾರೂ ಟೋಪಿ ಹಾಕಲಾರರು ಎಂಬ ಜಂಭವಿತ್ತು. ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ, ಹಾನ್ಯಾ ಎಂಬ ಊರಿನಲ್ಲಿ, ಮೊದಲ ರಾತ್ರಿಯೇ ಅದು ಇಳಿಯಿತು.

ಅಲ್ಲಿನ ಹಳೆಯ ಬಂದರು ವೆನಿಸ್‌ನವರು ಕಟ್ಟಿದ್ದು. ನೋಡಲು ಚೆಂದ, ಕೂತು ಉಣ್ಣಲು ಅಲ್ಲ. ದಂಡೆಯುದ್ದಕ್ಕೂ ಹೋಟೆಲುಗಳು, ಪ್ರತಿಯೊಂದರ ಬಾಗಿಲಲ್ಲೂ ಕರೆಯುವವನೊಬ್ಬ. ನಮ್ಮನ್ನು ಕರೆದವನು ಮಂಜುಗಡ್ಡೆಯ ಮೇಲೆ ಮಲಗಿಸಿದ್ದ ಮೀನು ತೋರಿಸಿ, ‘ಇಂದು ಬೆಳಿಗ್ಗೆ ಹಿಡಿದದ್ದು’ ಎಂದ. ಕಿವಿರು ಎತ್ತಿ ನೋಡಿದೆ, ನಿಜಕ್ಕೂ ತಾಜಾ. ಆ ಖುಷಿಯಲ್ಲಿ ಬೆಲೆ ಕೇಳಲಿಲ್ಲ. ಬಿಲ್ ಬಂದಾಗ ತಿಳಿಯಿತು: ಕಿಲೋಗೆ 65 ಯೂರೊ, ಮೀನು ಒಂದು ಕಿಲೋ ನೂರೈವತ್ತು ಗ್ರಾಂ. ತೂಗಿದ್ದು ಒಳಗೆ, ನಮ್ಮ ಕಣ್ಣಿಗೆ ಕಾಣದ ಹಾಗೆ. ಮೆನುವಿನಲ್ಲಿ ಕಿಲೋ ಲೆಕ್ಕವೆಂದು ಬರೆದೇ ಇತ್ತು, ಆದ್ದರಿಂದ ಜಗಳವಾಡುವ ಹಾಗೂ ಇರಲಿಲ್ಲ. ಗ್ರೀಸ್‌ನಲ್ಲಿ ದೊಡ್ಡ ಮೀನನ್ನು ತೂಕದ ಮೇಲೆಯೇ ಮಾರುತ್ತಾರೆ. ಒಲೆಗೆ ಹೋಗುವ ಮೊದಲೇ ಎದುರಿಗೆ ತೂಗಿಸಿ, ಮೊತ್ತ ಹೇಳಿಸಿಕೊಳ್ಳಿ. ಮೆನುವಿನಲ್ಲಿ ಮೀನಿನ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಸಾಮಾನ್ಯವಾಗಿ ಅದು ಫ್ರೀಜರ್‌ನಿಂದ ಬಂದದ್ದು. ಕೇಳದೆ ತಂದಿಡುವ ಬ್ರೆಡ್‌ಗೂ ತಲೆಗೆ ಇಷ್ಟೆಂದು ಹಾಕುವುದುಂಟು. ಬೇಡವಾದರೆ ಆಗಲೇ ಹಿಂದಿರುಗಿಸಿ.

ಮರುದಿನದಿಂದ ಬಂದರಿನ ಕಡೆ ತಲೆಹಾಕಲಿಲ್ಲ. ಹಿಂದಿನ ಸ್ಪ್ಲಾಂಜಿಯಾ ಓಣಿಗಳಲ್ಲಿ ಅಲೆಯುವಾಗ ಆರು ಮೇಜಿನ ಒಂದು ಊಟದ ಮನೆ ಸಿಕ್ಕಿತು. ಹೊರಗೆ ಬೋರ್ಡು ಗ್ರೀಕ್‌ನಲ್ಲಿ ಮಾತ್ರ. ಒಳಗೆ ಗಾಜಿನ ಹಿಂದೆ ಹತ್ತು ಹನ್ನೆರಡು ತಟ್ಟೆಗಳಲ್ಲಿ ಬೆಳಿಗ್ಗೆಯೇ ಬೇಯಿಸಿಟ್ಟ ಅಡುಗೆ. ಇಂಥ ಅಡುಗೆಗೆ ಮಗಿರೆಫ್ತಾ ಎನ್ನುತ್ತಾರೆ. ಬೆರಳು ತೋರಿಸಿದರೆ ಸಾಕು, ಬಡಿಸುತ್ತಾರೆ. ಎಲ್ಲರೂ ‘ಯಾಯಾ’, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದ ಹೆಂಗಸು ಒಂದೊಂದರ ಮುಚ್ಚಳ ತೆಗೆದು ತೋರಿಸಿದರು. ಟೊಮೆಟೊ ಮತ್ತು ಆಲಿವ್ ಎಣ್ಣೆಯಲ್ಲಿ ಮೆತ್ತಗಾದ ಬೆಂಡೆಕಾಯಿ, ಅದರ ಹೆಸರು ಬಾಮ್ಯೆಸ್. ಫಾವಾ ಎಂಬ ಹಳದಿ ಬೇಳೆಯ ಗಟ್ಟಿ ಪದಾರ್ಥ, ಮೇಲೆ ಹಸಿ ಈರುಳ್ಳಿ. ಒಗ್ಗರಣೆ ಮರೆತ ತೊವ್ವೆ ಎಂದುಕೊಂಡು ತಿಂದೆವು. ಬೇಯಿಸಿ ನಿಂಬೆ ಹಿಂಡಿದ ‘ವ್ಲೀತಾ’ ಸೊಪ್ಪನ್ನು ಬಾಯಿಗಿಟ್ಟ ಹೆಂಡತಿ ‘ಇದು ದಂಟಿನ ಸೊಪ್ಪಲ್ಲವೇ’ ಎಂದಳು. ಹೌದು, ಅದೇ ಜಾತಿ. ನಾವು ಬೇಲಿಯ ಪಕ್ಕ ಕೀಳುವ ಗೋಣಿ ಸೊಪ್ಪನ್ನೂ ಅವರು ಹಸಿಯಾಗಿ ಸಲಾಡ್‌ಗೆ ಹಾಕುತ್ತಾರೆ. ಇಬ್ಬರಿಗೂ ಸೇರಿ 23 ಯೂರೊ. ಮೂರು ಮಧ್ಯಾಹ್ನ ಅಲ್ಲೇ ಉಂಡೆವು.

ಎರಡು ಎಚ್ಚರಿಕೆ. ಈ ಅಡುಗೆಯನ್ನು ಉಗುರು ಬೆಚ್ಚಗೆ ಬಡಿಸುತ್ತಾರೆ. ಹೊಗೆಯಾಡುವ ಅನ್ನ ಸಾರಿಗೆ ಒಗ್ಗಿದವರಿಗೆ ಮೊದಲ ದಿನ ಕಸಿವಿಸಿಯಾಗುತ್ತದೆ. ಮತ್ತು ಎರಡು ಗಂಟೆಯ ಹೊತ್ತಿಗೆ ಒಳ್ಳೆಯ ತಟ್ಟೆಗಳೆಲ್ಲ ಖಾಲಿ.

ಹೆಂಡತಿ ಮೀನು, ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಅಂಥವರಿಗೆ ‘ನಿಸ್ತೀಸಿಮೊ’ ಎಂಬ ಪದ ಕೆಲಸಕ್ಕೆ ಬರುತ್ತದೆ ಎಂದು ಓದಿಕೊಂಡು ಹೋಗಿದ್ದೆವು. ಅದು ಅಲ್ಲಿನ ಕ್ರೈಸ್ತರ ಉಪವಾಸದ ಊಟ. ಮಾಂಸ, ಹಾಲು, ಮೊಟ್ಟೆ ಯಾವುದೂ ಇರುವುದಿಲ್ಲ. ಆದರೆ ಇನ್ನೊಂದು ಹೋಟೆಲಿನಲ್ಲಿ ಆ ಪದ ಹೇಳಿದ್ದಕ್ಕೆ ಅವಳ ಮುಂದೆ ಬಂದದ್ದು ಬೊಂಡಾಸ್, ಅಂದರೆ ಸ್ಕ್ವಿಡ್ ಎಂಬ ಕಡಲಜೀವಿ! ರಕ್ತವಿಲ್ಲದ ಜೀವಿಗಳೆಂದು ಬೊಂಡಾಸ್, ಸಿಗಡಿ, ಚಿಪ್ಪಿನ ಪ್ರಾಣಿಗಳು ಅವರ ಉಪವಾಸಕ್ಕೆ ನಡೆಯುತ್ತವೆ. ತಟ್ಟೆ ನನ್ನ ಕಡೆಗೆ ಸರಿಯಿತು, ನನಗೇನೂ ಬೇಸರವಾಗಲಿಲ್ಲ. ಸಸ್ಯಾಹಾರಿಗಳು ‘ಲಾದೆರಾ’ ಎಂದು ಕೇಳುವುದು ಮೇಲು, ಅವು ಎಣ್ಣೆಯಲ್ಲಿ ಬೆಂದ ತರಕಾರಿಗಳು. ಟೊಮೆಟೊ ಅಥವಾ ದ್ರಾಕ್ಷಿ ಎಲೆಯೊಳಗೆ ಅನ್ನ ತುಂಬಿದ್ದಾದರೆ ಕೀಮಾ ಇದೆಯೇ ಎಂದು ಕೇಳದೆ ತಿನ್ನಬೇಡಿ.

ದಕ್ಷಿಣ ತೀರದ ಹೋರಾ ಸ್ಫಾಕಿಯೊನ್‌ಗೆ ಹೋದದ್ದು ಒಂದೇ ತಿಂಡಿಗಾಗಿ. ಹಿಟ್ಟಿನ ಉಂಡೆಯೊಳಗೆ ಮಿಜಿಥ್ರಾ ಎಂಬ ಮೆತ್ತನೆಯ ಚೀಸ್ ತುಂಬಿ, ತಟ್ಟಿ, ಬಾಣಲೆಯಲ್ಲಿ ಬೇಯಿಸಿ, ಮೇಲೆ ಜೇನು ಸುರಿಯುತ್ತಾರೆ. ಹೂರಣವೊಂದು ಬೇರೆ, ಉಳಿದಂತೆ ಹೋಳಿಗೆಯೇ. ಎರಡು ತಿಂದು ಮೂರನೆಯದಕ್ಕೂ ಹೇಳಿದೆ. ಅದಕ್ಕೆ ತೆತ್ತ ಬೆಲೆ ಸಂಜೆಯ ಬಸ್ಸು. ಸಮಾರಿಯಾ ಕಮರಿಯನ್ನು 16 ಕಿಲೋಮೀಟರ್ ನಡೆದು ಇಳಿದವರು ದೋಣಿಯಲ್ಲಿ ಇದೇ ಊರಿಗೆ ಬಂದು, ಹಾನ್ಯಾದ ಬಸ್ಸು ಹತ್ತುತ್ತಾರೆ. ಬೆವರು, ಬೂಟು, ಬೆನ್ನಚೀಲ, ಆಗುಂಬೆಯನ್ನು ನೆನಪಿಸುವ ತಿರುವುಗಳು, ಹೊಟ್ಟೆಯಲ್ಲಿ ಜೇನು. ಗದ್ದಲ ನನಗೆ ಮೊದಲೇ ಆಗುವುದಿಲ್ಲ. ಕಮರಿ ತೆರೆದಿರುವ ಬೇಸಿಗೆಯಲ್ಲಿ ಹೋಗುವವರು ಮಧ್ಯಾಹ್ನದ ಬಸ್ಸಿಗೇ ಹಿಂದಿರುಗಿ.

ಊಟವಾದ ಮೇಲೆ ಬರುವ ಪುಟ್ಟ ಸೀಸೆ ಕಂಡು ಗಾಬರಿಯಾಗಬೇಡಿ. ಅದು ರಾಕಿ, ತ್ಸಿಕುಧ್ಯಾ ಎಂದೂ ಕರೆಯುತ್ತಾರೆ. ವೈನ್‌ಗೆ ಹಿಂಡಿ ಉಳಿದ ದ್ರಾಕ್ಷಿ ಚರಟದಿಂದ ಭಟ್ಟಿ ಇಳಿಸಿದ್ದು. ಹಣ್ಣಿನ ಹೋಳಿನ ಜೊತೆ ಬಹಳ ಕಡೆ ಪುಕ್ಕಟೆ ಕೊಡುತ್ತಾರೆ. ಒಂದೇ ಗುಟುಕಿಗೆ ಸುರಿದುಕೊಂಡ ನನ್ನನ್ನು ನೋಡಿ ಯಾಯಾ ನಕ್ಕರು.

ಊರಿಗೆ ತರುವುದಾದರೆ ಬಾರ್ಲಿಯ ಪಕ್ಸಿಮಾದಿ ತನ್ನಿ. ಬಹಳ ದಿನ ಕೆಡದ ಗಟ್ಟಿ ರಸ್ಕ್ ಅದು. ನೀರು ಚಿಮುಕಿಸಿ, ತುರಿದ ಟೊಮೆಟೊ, ಚೀಸ್, ಆಲಿವ್ ಎಣ್ಣೆ ಹಾಕಿದರೆ ಅಲ್ಲಿನ ದಾಕೊಸ್ ಆಗುತ್ತದೆ. ಚಹಾದಲ್ಲಿ ಮಾತ್ರ ಅದ್ದಬೇಡಿ, ನಾನು ಅದ್ದಿ ನೋಡಿದ್ದೇನೆ.