ಬಾಗಿಲ ಹಿಂದೆ ನಿಂತು ತೆಗೆ

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಗೋಡೌನಿನ ಮುಂದೆ ಈ ವಾರ ಪಾರ್ಸೆಲ್ ಲಾರಿಯ ಹಿಂಬಾಗಿಲು ತೆಗೆದದ್ದೇ ತಡ, ಮೇಲಿನ ಸಾಲಿನ ಮಿಕ್ಸಿ ಪೆಟ್ಟಿಗೆ ನೇರ ಕೆಳಗೆ ಬಂತು. ಹೊಸ ಹುಡುಗ ಎದುರಿಗೇ ನಿಂತಿದ್ದ. ಹಿರಿಯರೊಬ್ಬರು ತೋಳು ಹಿಡಿದು ಎಳೆದದ್ದರಿಂದ ಅದು ಭುಜ ಸವರಿಕೊಂಡು ನೆಲಕ್ಕೆ ಬಿತ್ತು. "ಎದುರು ನಿಲ್ಲಬೇಡ, ಬಾಗಿಲ ಹಿಂದೆ ನಿಂತು ತೆಗೆ" ಅಂದರು. "ಒಳಗೆ ಹೀಗಿದೆ ಅಂತ ಯಾರಿಗೆ ಗೊತ್ತು?" ಅಂದ ಹುಡುಗ. ಆ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಲೋಡ್ ಕಟ್ಟಿದವನಿಗೆ ಗೊತ್ತಿತ್ತಲ್ಲ.

ಹಿರಿಯರು ಹೇಳಿದ ಕ್ರಮವೇ ಸರಿ. ಸರಳು ಎತ್ತಿ ಒಂದೇ ಬಾಗಿಲನ್ನು ಗೇಣಗಲ ತೆರೆಯಬೇಕು, ಮೈ ಬಾಗಿಲ ಮರೆಯಲ್ಲಿರಬೇಕು. ಸರಕು ಒರಗಿದ್ದರೆ ಒಬ್ಬ ಬಾಗಿಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಬದಿಯಿಂದ ಮೇಲಿನದನ್ನು ಮೊದಲು ಇಳಿಸಬೇಕು.

ಒರಗುವುದು ಯಾಕೆ? ಬೆಂಗಳೂರಿನಿಂದ ಬರುವ ಲಾರಿ ಶಿರಾಡಿ ಘಾಟಿ ಇಳಿಯುವಾಗ ಪ್ರತಿ ಬ್ರೇಕಿಗೂ ಸರಕು ಕ್ಯಾಬಿನ್ ಕಡೆ ಜರುಗುತ್ತದೆ, ಹಿಂದೆ ಸಂದು ಬೀಳುತ್ತದೆ. ಆಮೇಲೆ ಹಂಪ್, ಸರ್ವಿಸ್ ರಸ್ತೆಯ ಹೊಂಡ. ಮೇಲಿನ ಪೆಟ್ಟಿಗೆಗಳು ಆ ಸಂದಿಗೆ ವಾಲುತ್ತವೆ. ಗಡಿಯ ತಲಪಾಡಿ ದಾಟಿದ ಮೇಲೆ ಇನ್ನೊಂದು ಅಪಾಯ. ಕಾಸರಗೋಡಿನ ಸರಕು ಒಳಗೆ, ಅದರ ಮುಂದೆ ಕುಂಬಳೆಯದು, ಉಪ್ಪಳದ್ದು, ಬಾಗಿಲ ಬಳಿ ಹೊಸಂಗಡಿಯದು. ಹೊಸಂಗಡಿಯಲ್ಲಿ ಇಳಿಸಿದೊಡನೆ ಉಪ್ಪಳದ ಸರಕಿನ ಗೋಡೆಗೆ ಆಸರೆ ತಪ್ಪುತ್ತದೆ. ಅಲ್ಲಿ ಸರಕನ್ನು ಹಿಡಿದಿಡುವ ಬಲೆಯನ್ನು ಮತ್ತೆ ಬಿಗಿಯಲೇಬೇಕು. ಹೊತ್ತಾಯಿತೆಂದು ಬಿಟ್ಟು ಹೊರಡುತ್ತಾರೆ.

ಕಟ್ಟುವುದೂ ಒಂದು ವಿದ್ಯೆ, ಬಲ್ಲವರಿಗೆ ಅದಕ್ಕೆ ತಕ್ಕ ಮರ್ಯಾದೆ ಸಿಗುವುದಿಲ್ಲ. ರಟ್ಟಿನ ಪೆಟ್ಟಿಗೆಯ ಬಲದ ಹೆಚ್ಚಿನ ಪಾಲು ಅದರ ನಾಲ್ಕು ಮೂಲೆಗಳಲ್ಲಿ. ಆದ್ದರಿಂದ ಕೆಳಗಿನ ಎರಡು ಮೂರು ಸಾಲು ಮೂಲೆಯ ಮೇಲೆ ಮೂಲೆ ಬರುವಂತೆ ನೇರ ಪೇರಿಸಬೇಕು. ಮೇಲಿನವನ್ನು ಇಟ್ಟಿಗೆ ಕಟ್ಟಿದ ಹಾಗೆ ಸಂದು ತಪ್ಪಿಸಿ ಇಟ್ಟರೆ ಗೋಡೆ ಒಂದಕ್ಕೊಂದು ಹಿಡಿದು ನಿಲ್ಲುತ್ತದೆ. ಭಾರದ್ದೂ ಎಣ್ಣೆ ಡಬ್ಬಿಯೂ ತಳದಲ್ಲಿ, ಮೆತ್ತನೆಯ ಚೀಲ ಮೇಲೆ, ಪೈಪು ಬದಿಗೆ ಉದ್ದಕ್ಕೆ ಮಲಗಿಸಿ. ನಮ್ಮ ಮಳೆಗಾಲದಲ್ಲಿ ರಟ್ಟು ತೇವ ಹೀರಿ ಸೋಲುತ್ತದೆ. ಬೇಸಿಗೆಯಲ್ಲಿ ತಾಳಿದ ಎತ್ತರ ಜುಲೈಯಲ್ಲಿ ತಾಳುವುದಿಲ್ಲ, ಒಂದು ಸಾಲು ಕಡಿಮೆ ಮಾಡಲೇಬೇಕು.

ಕೇರಳದಲ್ಲಿ ಹೊರೆ ಕಾರ್ಮಿಕರಿಗೆ 1978ರ ಕಾಯ್ದೆ ಇದೆ. ಒಬ್ಬರು ಹೊರುವ ಭಾರದ ಮಿತಿಯನ್ನು 75 ಕಿಲೋದಿಂದ 55ಕ್ಕೆ ಇಳಿಸಿದ್ದಾರೆ. ಒಳ್ಳೆಯದೇ. ಆದರೆ ಮಿಕ್ಸಿ ಪೆಟ್ಟಿಗೆ ಐದಾರು ಕಿಲೋ ಇದ್ದೀತು, ಏಳಡಿ ಮೇಲಿಂದ ತಲೆಗೆ ಬಿದ್ದರೆ ಅಷ್ಟೇ ಸಾಕು. ಒಡೆದ ಸರಕಿನ ಲೆಕ್ಕವನ್ನೂ ಇಳಿಸಿದವರ ತಲೆಗೇ ಕಟ್ಟುತ್ತಾರೆ, ಇದು ಅನ್ಯಾಯ. ಲೋಡಿಂಗ್ ಶೀಟಿನಲ್ಲಿ ಕಟ್ಟಿದವರ ಹೆಸರಿರಲಿ. ಪ್ರತಿ ನಿಲ್ದಾಣದಲ್ಲಿ ಬಲೆ ಬಿಗಿದದ್ದಕ್ಕೆ ಡ್ರೈವರನ ಸಹಿಯಿರಲಿ, ಬಾಗಿಲು ತೆಗೆಯುವ ಮೊದಲು ಆ ಶೀಟು ಇಳಿಸುವವರ ಕೈಗೆ ಬರಲಿ.